ಅಲ್ಲಾಡಬೇಡಿ ಎನ್ನದ ಫೋಟೋ ಮಾವ

ಫೋಟೋ ತೆಗೆಯುವಾಗ ಅವರ ಬಲಗೈ ಕ್ಯಾಮೆರಾದ ಮೇಲಿರುತ್ತಿತ್ತು, ಎಡಗೈ ಬೆನ್ನ ಹಿಂದೆ. ಐದೂ ಬೆರಳು ಅಗಲಿಸಿಕೊಂಡು, ಕರೆಂಟು ಹೋದಾಗ ಗೋಡೆ ಹುಡುಕುವವರ ಹಾಗೆ ಆ ಕೈ ಗಾಳಿಯನ್ನು ಸವರುತ್ತಿರುತ್ತಿತ್ತು. ಹಿಂದೆ ಗೋಡೆ ಸಿಕ್ಕರೆ ಅಂಗೈಯನ್ನು ಅದಕ್ಕೆ ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಗುಂಡಿ ಒತ್ತುತ್ತಿದ್ದರು. ಗೋಡೆ ಸಿಗದಿದ್ದರೆ ಏನಾದರೂ ಸರಿಯೇ, ಒಂದು ಹೆಜ್ಜೆಯನ್ನೂ ಹಿಂದಕ್ಕೆ ಇಡುವವರಲ್ಲ. ಇದರಿಂದಾಗಿ ನ್ಯಾಮತಿಯ ಎಷ್ಟೋ ಮನೆಗಳ ಗುಂಪು ಫೋಟೋಗಳಲ್ಲಿ ಅಂಚಿಗೆ ನಿಂತ ಅತ್ತಿಗೆ, ನಾದಿನಿಯರಿಗೆ ಅರ್ಧ ಮುಖವೇ ಇದೆ. ನಮ್ಮ ಸೋದರತ್ತೆಯೊಬ್ಬರಿಗಂತೂ ಒಂದು ಕಿವಿ ಬಿಟ್ಟರೆ ಬೇರೇನೂ ಇಲ್ಲ. ಆ ಕಿವಿಯ ಓಲೆಯಿಂದಲೇ ನಾವು ಅವರನ್ನು ಗುರುತು ಹಿಡಿಯುವುದು.

ಅವರ ಸ್ಟುಡಿಯೋ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ರಕ್ತಸಂಬಂಧವೇನೂ ಇರಲಿಲ್ಲ. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಅವರು ಫೋಟೋ ಮಾವ. ನಾನು ಕಂಡ ಗಂಡಸರಲ್ಲಿ ಅಷ್ಟು ಅಂಜುಬುರುಕರು ಇನ್ನೊಬ್ಬರಿಲ್ಲ. ಬಾವಿಯ ಕಟ್ಟೆ ಹತ್ತಿರ ಸುಳಿಯುತ್ತಿರಲಿಲ್ಲ. ಚರಂಡಿಗೆ ಹಾಸಿದ ಚಪ್ಪಡಿಯ ಮೇಲೆ ಕಾಲಿಡುವ ಮುಂಚೆ ಕೊಡೆಯ ತುದಿಯಿಂದ ಕುಟ್ಟಿ ನೋಡುತ್ತಿದ್ದರು. ದಾವಣಗೆರೆಗೆ ಹೋಗುವ ಬಸ್ಸು ಹೊನ್ನಾಳಿಯ ಸೇತುವೆ ಹತ್ತಿದರೆ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಬಿಡುವರು. ಸೇತುವೆ ದಾಟಿತು ಎಂದು ಪಕ್ಕದವರು ಹೇಳಿದ ಮೇಲೂ ಒಂದು ಕಣ್ಣು ಮಾತ್ರ ತೆರೆಯುವರು.

ಹಾಗಂತ ಕೆಲಸಕ್ಕೆ ಕಡಿಮೆಯೇನಿರಲಿಲ್ಲ. ಚನ್ನಗಿರಿ, ತ್ಯಾವಣಿಗೆ, ಅತ್ತ ಜಗಳೂರಿನವರೆಗೂ ಮದುವೆಗಳಿಗೆ ಅವರನ್ನೇ ಕರೆಯುತ್ತಿದ್ದರು. ಮಂಟಪದ ಮುಂದೆ ಅವರು ಫೋಟೋ ತೆಗೆಯುವಾಗ ಅವರ ಹೆಂಡತಿ ಹಿಂದೆ ನಿಂತು ಅಂಗಿಯ ಚುಂಗು ಹಿಡಿದುಕೊಳ್ಳಬೇಕು. ಮದುವೆಮನೆಯ ಹೆಂಗಸರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ? "ಏನ್ರೀ, ಯಜಮಾನ್ರು ಓಡಿ ಹೋಗ್ತಾರೇನ್ರೀ?" ಎಂದು ಕೇಳುವರು. "ಓಡಿ ಹೋದ್ರೆ ಹೋಗಲಿ ಬಿಡ್ರೀ, ಹುಡುಕಿ ತರಬಹುದು. ಬಿದ್ದು ಹೋಗಬಾರದು," ಎಂದು ಆಕೆ ನಗದೆ ಹೇಳುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಮಾವ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ನಾಲ್ಕು ಗೋಡೆಯ ಒಳಗೆ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ಉಳಿದರು.

ಅವರದು ಇನ್ನೊಂದು ವಿಚಿತ್ರವಿತ್ತು. ಫೋಟೋದವರು ಎಂದರೆ "ಅಲ್ಲಾಡಬೇಡಿ" ಎನ್ನುವವರು ತಾನೇ? ಇವರು ಆ ಮಾತನ್ನು ಯಾವತ್ತೂ ಆಡಿದವರಲ್ಲ. "ಅಲ್ಲಾಡ್ರಿ, ಪರವಾಗಿಲ್ಲ. ಏನಾರ ಕಂಡ್ರೆ ಕೂಗಿ ಹೇಳ್ರಿ," ಎನ್ನುತ್ತಿದ್ದರು. ಏನು ಕಾಣಬೇಕು, ಯಾಕೆ ಕೂಗಬೇಕು ಎಂದು ತಿಳಿಯದೆ ಕೂತವರ ಮುಖದ ಮೇಲೆ ಒಂದು ಬಗೆಯ ಗಾಬರಿ ಬರುತ್ತಿತ್ತು. ಅದೇ ಗಾಬರಿಯ ಮುಖ ನಮ್ಮೂರಿನ ಅರ್ಧ ಜನರ ರೇಷನ್ ಕಾರ್ಡಿನಲ್ಲಿದೆ.

ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿಗೆ ನಾನು ಫೋಟೋ ತೆಗೆಸಿಕೊಳ್ಳಲು ಹೋದಾಗ ಅವರ ಹಿಂದಿನ ಗೋಡೆಯ ಮೇಲೆ ಹಲ್ಲಿಯೊಂದು ಹರಿದಾಡುತ್ತಿತ್ತು. "ಮಾವ, ಹಿಂದೆ!" ಎಂದು ಕೂಗಿದೆ. ಅವರೇ ಹೇಳಿದ್ದರಲ್ಲ, ಕಂಡರೆ ಕೂಗು ಅಂತ. ಮಾವ ಕ್ಯಾಮೆರಾ ಬಿಟ್ಟು ಮುಂದಕ್ಕೆ ಹಾರಿ ನನ್ನ ಸ್ಟೂಲನ್ನು ತಬ್ಬಿಕೊಂಡು ನೆಲಕ್ಕೆ ಕೂತರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ನೋಡಿದರೆ ಅವರ ತುಟಿ ಬೆಳ್ಳಗಾಗಿತ್ತು, ಕೈ ಇನ್ನೂ ಸ್ಟೂಲಿನ ಕಾಲನ್ನು ಬಿಟ್ಟಿರಲಿಲ್ಲ.

"ನಗಬ್ಯಾಡ ಮಗಾ," ಎಂದರು. "ಬಾ ಇಲ್ಲಿ, ಒಂದು ತೋರಿಸ್ತೀನಿ."

ಅದಕ್ಕೆ ಮುಂಚೆ ನಮ್ಮೂರಿನ ಸಂಗತಿಯೊಂದನ್ನು ಹೇಳಬೇಕು. ನ್ಯಾಮತಿಯ ಸುತ್ತಿನ ಕುರುಚಲು ಗುಡ್ಡಗಳಲ್ಲಿ ಒಂದು ಕಾಲಕ್ಕೆ ಚಿನ್ನ ತೆಗೆಯುತ್ತಿದ್ದರು. ಮೊದಲೆಲ್ಲ ಹಳ್ಳದ ಮರಳನ್ನು ಜಾಲಿಸಿ ಕಾಳು ಕಾಳು ಹುಡುಕುತ್ತಿದ್ದವರು ಇಲ್ಲಿಯವರೇ. ಆಮೇಲೆ ಬಿಳಿಯರ ಕಂಪನಿ ಬಂತು. ಚಿನ್ನ ಐತಂತೆ ಎಂಬ ಸುದ್ದಿಗೆ ಎಲ್ಲೆಲ್ಲಿಂದಲೋ ಜನ ಬಂದು ಗುಡ್ಡದ ಕೆಳಗೆ ಗುಡಿಸಲು, ಡೇರೆ, ಅಂಗಡಿ, ಹೆಂಡದ ಮನೆ ಎಲ್ಲ ಎದ್ದು, ಕೆಲವೇ ವರ್ಷಗಳಲ್ಲಿ ಒಂದು ಪೇಟೆಯೇ ಆಯಿತಂತೆ. ಚಿನ್ನ ತೆಳುವಾಗುತ್ತಿದ್ದಂತೆ ಕಂಪನಿ ಗಂಟುಮೂಟೆ ಕಟ್ಟಿತು, ಹಿಂದೆಯೇ ಪೇಟೆಯೂ ಹೋಯಿತು. ಉಳಿದದ್ದು ಒಂದು ಹೊಗೆಗೂಡು, ಬಂಗಲೆಯ ಮೊಂಡು ಗೋಡೆಗಳು ಮತ್ತು ಗುಂಡಿಗಳು. ಬಾವಿಯಂತೆ ನೆಟ್ಟಗೆ ಇಳಿಯುವ ಆ ಗುಂಡಿಗಳನ್ನು ಮುಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಮೇಲೆ ಜಾಲಿ ಬೆಳೆದುಕೊಂಡಿತು. ಕುರಿಗಳು ಕಾಣೆಯಾದರೆ ಕುರುಬರು ಆ ಕಡೆ ಹುಡುಕಲು ಹೋಗುತ್ತಿರಲಿಲ್ಲ, ಇನ್ನು ಸಿಕ್ಕುವುದಿಲ್ಲ ಎಂದು ಸುಮ್ಮನಾಗುತ್ತಿದ್ದರು. ನಾವು ಅದನ್ನು ಕಂಪನಿ ಗುಡ್ಡ ಎನ್ನುತ್ತೇವೆ. ಹಟ ಮಾಡುವ ಮಕ್ಕಳನ್ನು ಹೆದರಿಸಲು ನಮ್ಮ ಅವ್ವಂದಿರಿಗೆ ಗುಮ್ಮ ಬೇಕಾಗಿರಲಿಲ್ಲ, ಈ ಗುಡ್ಡವೇ ಸಾಕಾಗಿತ್ತು.

ಮಾವ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಗಾಜಿನ ಪ್ಲೇಟೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಆಗಿನ ಕಾಲಕ್ಕೆ ರೀಲು ಇರಲಿಲ್ಲ, ಗಾಜಿನ ಮೇಲೆಯೇ ಚಿತ್ರ ಮೂಡಬೇಕು. ಅದರಲ್ಲಿ ಬಿಳಿಯದೆಲ್ಲ ಕಪ್ಪು, ಕಪ್ಪಾದದ್ದೆಲ್ಲ ಬಿಳಿ. ಹೊಗೆಗೂಡಿನ ಮುಂದೆ ಸಾಲುಸಾಲಾಗಿ ಕೂಲಿಯವರು, ನಡುವೆ ಟೋಪಿಯ ದೊರೆ. ಎಲ್ಲರ ಕಣ್ಣಪಾಪೆಗಳೂ ಬೆಳ್ಳಗೆ ಹೊಳೆಯುತ್ತಿದ್ದವು. ಒಬ್ಬರಾದರೂ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಅಷ್ಟೂ ಜನ ಕ್ಯಾಮೆರಾದ ಪಕ್ಕಕ್ಕೆ, ಅದರ ಹಿಂದೆ, ಯಾವುದೋ ಒಂದೇ ಜಾಗವನ್ನು ನೋಡುತ್ತಿದ್ದರು.

"ನಮ್ಮ ತಾತ ತೆಗೆದ ಕೊನೇ ಫೋಟೋ ಇದು," ಎಂದರು ಮಾವ.

ಅವರ ತಾತ ಕಂಪನಿಗೆ ಫೋಟೋ ತೆಗೆದುಕೊಡಲು ಮರದ ದೊಡ್ಡ ಕ್ಯಾಮೆರಾ ಹೊತ್ತು ಆ ಗುಡ್ಡಕ್ಕೆ ಬಂದವರು. ಜೊತೆಗೆ ತಮ್ಮನೂ ಇದ್ದ. ಕ್ಯಾಮೆರಾದ ಮುಚ್ಚಳ ತೆಗೆಯುವುದು, ಹಾಕುವುದು ತಮ್ಮನ ಕೆಲಸ. ಮುಚ್ಚಳ ತೆಗೆದಿರುವಷ್ಟು ಹೊತ್ತೂ ತಾತ ಗಟ್ಟಿಯಾಗಿ ಎಣಿಸುತ್ತ ಎದುರಿನವರ ಮೇಲೆ ಕಣ್ಣಿಟ್ಟಿರಬೇಕು, ಎಣಿಕೆ ಮುಗಿಯುವ ತನಕ ಯಾರೂ ಮಿಸುಕಕೂಡದು. ಮಿಸುಕಿದರೆ ಅವರ ಜಾಗದಲ್ಲಿ ಬರೀ ಮಬ್ಬು ಮೂಡುತ್ತದೆ. ಆವತ್ತು ಜನ ಬಹಳ ಇದ್ದರು. ಸಾಲಿನ ಎರಡೂ ಕೊನೆ ಕಾಣಲೆಂದು ತಾತ ಎಣಿಸುತ್ತ ಎಣಿಸುತ್ತ ಹಿಂದಕ್ಕೆ ಸರಿದರು. ಅವರ ಹಿಂದೆ ಹೊಸದಾಗಿ ತೋಡಿದ ಗುಂಡಿ ಇತ್ತು.

"ಎದುರಿಗಿದ್ದ ಎಲ್ರಿಗೂ ಕಾಣ್ತಿತ್ತು ಮಗಾ. ಒಬ್ರೂ ಬಾಯಿ ಬಿಡಲಿಲ್ಲ."

"ಯಾಕೆ ಮಾವ?"

"ಅಲ್ಲಾಡಬ್ಯಾಡ್ರಿ ಅಂದಿದ್ದ. ಪಿಟ್ ಅನ್ನಬ್ಯಾಡ್ರಿ ಅಂದಿದ್ದ. ತಾತನೇ ಅಂದಿದ್ದು. ಅಲ್ಲಾಡಿದೋರು ನಾಳೆಯಿಂದ ಕೆಲಸಕ್ಕೆ ಬರಾದು ಬ್ಯಾಡ ಅಂತ ದೊರೆ ಬೇರೆ ಹೆದರಿಸಿದ್ದ. ಹಂಗಾಗಿ ನೋಡ್ಕಂತ ನಿಂತ್ರು."

ಆಮೇಲೆ ಅವರು ಪ್ಲೇಟಿನ ಒಂದು ಅಂಚನ್ನು ತೋರಿಸಿದರು. ಅಲ್ಲೊಂದು ಬುಟ್ಟಿ ನೆಲದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಬುಟ್ಟಿಯ ಪಕ್ಕ ಮನುಷ್ಯರಿರಬೇಕಾದ ಕಡೆ ಬರೀ ಮಬ್ಬು, ಮೇಲಕ್ಕೆದ್ದ ಎರಡು ಕೈಗಳಂಥ ಗೀರು.

"ಈಕೆ ಒಬ್ಬಾಕೆ ಕೈ ಎತ್ತಿ ಕೂಗಿದ್ಳಂತೆ. ತಾತ ಎಣಿಸಾದು ನಿಲ್ಲಿಸಿ, ಅಲ್ಲಾಡಬ್ಯಾಡ ಅಂತ ಆಕೆಗೇ ಬೈದು, ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟ."

ತಾತನ ತಮ್ಮ ಕೂಲಿಯವರ ಕಡೆಗೇ ಮುಖ ಮಾಡಿ ನಿಂತಿದ್ದ. ಬೆನ್ನ ಹಿಂದೆ ಅಣ್ಣ ಬೈದದ್ದು, ಆಮೇಲೆ ದನಿ ನಿಂತದ್ದು ಕೇಳಿತು. ಎಣಿಕೆ ಮುಗಿಯಿತು ಎಂದುಕೊಂಡು ರೂಢಿಯಂತೆ ಮುಚ್ಚಳ ಹಾಕಿ ಆಮೇಲೆ ತಿರುಗಿ ನೋಡಿದ, ಅಣ್ಣ ಇರಲಿಲ್ಲ. ಆ ತಮ್ಮನೇ ಮುಂದೆ ಅಣ್ಣನ ಮಗನನ್ನು ಸಾಕಿ, ಅವನಿಗೂ ಅವನ ಮಗನಾದ ನಮ್ಮ ಫೋಟೋ ಮಾವನಿಗೂ ಫೋಟೋ ವಿದ್ಯೆ ಕಲಿಸಿದ್ದು. ಕಲಿಸುವಾಗ ಬೆನ್ನ ಹಿಂದೆ ಕೈ ಇಡುವುದನ್ನೂ ಕಲಿಸಿದ. ಎದುರಿಗಿರುವವರಿಗೆ ಅಲ್ಲಾಡಬೇಡಿ ಎನ್ನಕೂಡದೆಂದು ದೇವರ ಮುಂದೆ ಆಣೆ ಹಾಕಿಸಿಕೊಂಡನಂತೆ.

"ಇಷ್ಟು ಜನರಾಗೆ ಫೋಟೋ ಕೆಟ್ಟಿದ್ದು ಈಕೆದೊಂದೇ," ಎಂದು ಮಾವ ಆ ಮಬ್ಬಿನ ಮೇಲೆ ಬೆರಳಿಟ್ಟರು. "ಹೆಸರು ಯಾರಿಗೂ ಗೊತ್ತಿಲ್ಲ. ಹಬ್ಬದಾಗೆ ನಮ್ಮ ಮನೇಲಿ ಈಕೆಗೂ ಒಂದು ಎಡೆ ಇಡ್ತೀವಿ."

ಆ ರಾತ್ರಿ ನನಗೆ ಜ್ವರ ಬಂತು. ಎಷ್ಟೋ ದಿನ ಕಣ್ಣು ಮುಚ್ಚಿದರೆ ಆ ಬಿಳಿಯ ಪಾಪೆಗಳು ನನ್ನ ಬೆನ್ನ ಹಿಂದಿನದೇನನ್ನೋ ನೋಡುತ್ತಿರುವಂತೆ ಆಗುತ್ತಿತ್ತು. ಆದರೆ ಮಕ್ಕಳ ಭಯ ಎಷ್ಟು ದಿನ? ದೊಡ್ಡವಳಾದೆ, ಹೊನ್ನಾಳಿಯ ಶಾಲೆಯೊಂದರಲ್ಲಿ ಟೀಚರಾದೆ, ಮದುವೆಯಾಗಿ, ನ್ಯಾಮತಿಯ ಅವ್ವನ ಮನೆಯಲ್ಲೇ ಉಳಿದು ಮಗಳನ್ನು ಹೆತ್ತೆ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳಿಗೆ "ಅಲ್ಲಾಡಬ್ಯಾಡ್ರಿ, ಬಾಯಿ ಮುಚ್ಚಿಕೊಂಡು ಕೂರ್ರಿ" ಎಂದು ಗದರುವುದೇ ನನ್ನ ಕಸುಬಾಯಿತು. ಗಟ್ಟಿಗಿತ್ತಿ ಎಂದು ಹೆಸರೂ ಬಂತು.

ಮಗಳಿಗೆ ಜಗಳೂರಿನ ಹತ್ತಿರದ ಸೊಕ್ಕೆಯ ಹುಡುಗ ಗೊತ್ತಾದ. ಈಗೆಲ್ಲ ಮದುವೆಗೆ ಮುಂಚೆಯೇ ಗಂಡು ಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆಸುವುದುಂಟಲ್ಲ, ಅದಕ್ಕೆ ಅವರಿಬ್ಬರೂ ಆರಿಸಿದ್ದು ಕಂಪನಿ ಗುಡ್ಡವನ್ನೇ. ಬಿದ್ದ ಬಂಗಲೆ, ಹೊಗೆಗೂಡು, ಸಂಜೆಯ ಬಿಸಿಲು, ಸಿನಿಮಾದ ಹಾಗೆ ಬರುತ್ತದಂತೆ. ನನ್ನ ಯಜಮಾನರು ಲಗ್ನಪತ್ರಿಕೆ ಹಂಚಲು ಚನ್ನಗಿರಿ ಕಡೆ ಹೋಗಿದ್ದರು, ಹಾಗಾಗಿ ಮಕ್ಕಳ ಜೊತೆಗೆ ನಾನು ಹೊರಟೆ. ಕಾರು ಹತ್ತುವಾಗ ಸ್ಟುಡಿಯೋದ ಬಾಗಿಲಲ್ಲಿ ಮಾವ ನಿಂತಿದ್ದರು. ಎಲ್ಲಿಗೆ ಎಂದು ಕೇಳಿದರು, ಹೇಳಿದೆ. ಎಂಬತ್ತರ ಹತ್ತಿರದ ಆ ಮುಖದಲ್ಲಿ ರಕ್ತ ಇಳಿದುಹೋದದ್ದು ಕಣ್ಣಿಗೇ ಕಾಣಿಸಿತು.

"ಅಲ್ಲಿಗ್ಯಾಕವ್ವ? ಫೋಟೋ ತೆಗೆಯೋನು ಯಾರು? ಅವನ ಹಿಂದೆ ನೋಡಾಕೆ ಯಾರು ಇರ್ತಾರೆ?"

"ನಾನಿರ್ತೀನಲ್ಲ ಮಾವ."

"ನೀನು ಮಗಳನ್ನ ನೋಡ್ತಿ," ಎಂದರು. "ಎಲ್ರೂ ಅಲ್ಲೇ ನೋಡಾದು." ಬಾಗಿಲಿಗೆ ಬೀಗ ಕೂಡ ಹಾಕದೆ ಬಂದು ಕಾರಿನಲ್ಲಿ ನನ್ನ ಪಕ್ಕ ಕೂತುಬಿಟ್ಟರು. ದಾರಿಯುದ್ದಕ್ಕೂ ನನ್ನ ಮುಂಗೈ ಹಿಡಿದುಕೊಂಡಿದ್ದರು. ಅವರ ಅಂಗೈ ತಣ್ಣಗಿತ್ತು, ಬೆವರುತ್ತಿತ್ತು. ಇವರನ್ನು ಯಾಕಾದರೂ ಕರೆದುಕೊಂಡು ಬಂದೆನೋ ಎಂದು ಒಳಗೊಳಗೇ ಸಿಡುಕಿದೆ.

ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ದಾವಣಗೆರೆಯಿಂದ ಬಂದಿದ್ದ ಫೋಟೋದ ಹುಡುಗ ಒಳ್ಳೆಯವನೇ. ಬಂದವನೇ ಮಗಳನ್ನೂ ಅಳಿಯನನ್ನೂ ಮೊಂಡು ಗೋಡೆಯ ಮುಂದೆ ನಿಲ್ಲಿಸಿದ. ಮಾವ ಅವನನ್ನು ಕೇಳಿದ್ದು ಒಂದೇ ಮಾತು, ಯಾವ ಕಡೆಯಿಂದ ತೆಗೀತೀಯಪ್ಪ ಎಂದು. ಅವನು ಕೈ ತೋರಿಸಿದ. ಮಾವ ಕೊಡೆಯ ತುದಿಯಿಂದ ನೆಲ ಕುಟ್ಟುತ್ತ ಕುಟ್ಟುತ್ತ ಆ ಕಡೆಯ ಜಾಲಿ ಪೊದೆಗಳತ್ತ ಹೋದರು. ನೆರಳು ಹುಡುಕಿಕೊಂಡು ಹೋದರೇನೋ ಎಂದುಕೊಂಡೆ. ಆಮೇಲೆ ಅವರನ್ನು ಮರೆತೇಬಿಟ್ಟೆ. ಮಗಳು ಹಸಿರು ರೇಷ್ಮೆಯಲ್ಲಿ ಅಷ್ಟು ಚೆಂದ ಕಾಣುತ್ತಿದ್ದಳು.

"ಮೇಡಂ, ಗದ್ದ ಸ್ವಲ್ಪ ಮೇಲೆ. ಹಾಂ, ಹಂಗೇ ಇರಿ, ಅಲ್ಲಾಡಬೇಡಿ," ಎಂದ ಹುಡುಗ. ನಾನೂ ನನ್ನ ಮೊಬೈಲಿನಲ್ಲಿ ಒಂದು ಹಿಡಿಯೋಣವೆಂದು ಪಕ್ಕದಲ್ಲಿ ನಿಂತಿದ್ದೆ. "ಆಂಟಿ, ನಿಮ್ಮ ನೆರಳು ಬೀಳ್ತಾ ಐತೆ. ಸ್ವಲ್ಪ ಹಿಂದೆ ಹೋಗ್ರಿ," ಎಂದ. ಹಿಂದೆ ಹೋದೆ. "ಇನ್ನು ಸ್ವಲ್ಪ." ಮೊಬೈಲಿನಿಂದ ಕಣ್ಣು ತೆಗೆಯದೆಯೇ ಇನ್ನೂ ಹೋದೆ. ದೂರ ಹೋದಷ್ಟೂ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಹೊಗೆಗೂಡು ಪೂರ್ತಿ ಬರಲು ಇನ್ನೊಂದೆರಡು ಹೆಜ್ಜೆ ಬೇಕಾಗಿತ್ತು.

ಹಿಮ್ಮಡಿಗೆ ಏನೋ ತಗುಲಿತು. ತಗುಲಿದ ಕ್ಷಣವೇ ಎರಡು ಕೈಗಳು ನನ್ನ ಎರಡೂ ಕಾಲನ್ನು ಅಪ್ಪಿ ಹಿಡಿದವು. ನೋಡಿದರೆ ಮಾವ, ನೆಲದ ಮೇಲೆ ಕೂತು, ಮುಖವನ್ನು ನನ್ನ ಸೀರೆಯ ನೆರಿಗೆಗೆ ಒತ್ತಿಕೊಂಡಿದ್ದಾರೆ. ನನಗೆ ಮೊದಲು ಬಂದದ್ದು ನಾಚಿಕೆ, ಅದರ ಹಿಂದೆಯೇ ಕೋಪ. ಅಷ್ಟು ಹಿರಿಯರು ಅಳಿಯನಾಗುವವನ ಎದುರು ನನ್ನ ಕಾಲು ಹಿಡಿಯುವುದೆಂದರೇನು?

"ಬಿಡ್ರಿ ಮಾವ! ಏನಿದು, ಕಾಲು ಬಿಡ್ರಿ!"

ಅವರು ಬಿಡಲಿಲ್ಲ. ಬಿಡಿಸಿಕೊಳ್ಳಲು ಕೊಸರಿದಾಗ ಅವರ ಬೆನ್ನಿನ ಹಿಂದಿದ್ದ ಜಾಲಿಯ ಕೊಂಬೆ ಅಲುಗಿ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದಿಗೆ ನಾನು ಕಾದೆ. ಸದ್ದು ಬರಲಿಲ್ಲ. ಕೊಂಬೆಗಳ ಸಂದಿಯಲ್ಲಿ ಕಪ್ಪಗೆ ಬಾಯಿ ತೆರೆದಿತ್ತು. ಅಲ್ಲಿಂದ ತಣ್ಣನೆಯ ಗಾಳಿ ಮೇಲೆ ಬರುತ್ತಿತ್ತು. ಮಾವ ಕೂತಿದ್ದು ಅದರ ಅಂಚಿನಲ್ಲೇ, ಗುಂಡಿಗೆ ಬೆನ್ನು ಹಾಕಿ. ಅವರ ಬೆನ್ನಿಗೂ ಅದಕ್ಕೂ ನಡುವೆ ಒಂದು ಗೇಣು ನೆಲ ಇತ್ತೋ ಇಲ್ಲವೋ.

ಅಲ್ಲೇ ಮುಂದಕ್ಕೆ ಕುಸಿದು, ಅವರ ಎರಡೂ ತೋಳು ಹಿಡಿದು, ತೆವಳಿಕೊಂಡೇ ಎಳೆದು ಈಚೆ ತಂದೆ. ಅಷ್ಟರಲ್ಲಿ ಉಳಿದವರೂ ಓಡಿ ಬಂದರು. ಮಾವನ ಅಂಗೈಗಳಲ್ಲಿ ಜಾಲಿಮುಳ್ಳು ಮುರಿದುಕೊಂಡಿದ್ದವು. ನಾನು ಬರುವವರೆಗೂ ಅವರು ಆ ಮುಳ್ಳಿನ ಬೊಡ್ಡೆಯನ್ನೇ ಹಿಡಿದು ಕೂತಿದ್ದರು. ಫೋಟೋ ಶುರುವಾದಾಗಿನಿಂದಲೂ ಕೂತಿದ್ದರು.

"ಕೂಗಬಾರದಿತ್ತಾ ಮಾವ?" ಎಂದು ಅಳುತ್ತ ಕೇಳಿದೆ.

"ಕೂಗಿದ್ರೆ ನೀನು ಇನ್ನೊಂದು ಹೆಜ್ಜೆ ಇಡ್ತಿದ್ದಿ," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. "ಫೋಟೋ ತೆಗೆಯೋರಿಗೆ ಕಿವಿ ಕೇಳಿಸಲ್ಲ."

ಮನೆಗೆ ಬಂದ ಮೇಲೆ ಮಗಳು ನನ್ನ ಮಡಿಲಲ್ಲಿ ತಲೆಯಿಟ್ಟು ಹೇಳಿದ ಮಾತು ನನ್ನನ್ನು ಗುಂಡಿಗಿಂತ ಹೆಚ್ಚು ಹೆದರಿಸಿತು. "ನೀನು ಹಿಂದಕ್ಕೆ ಹೋಗೋದು ನಂಗೆ ಕಾಣ್ತಿತ್ತವ್ವ. ಪೊದೆ ಹತ್ರ ಹೋದೆ, ಫೋಟೋ ತಾತ ಅಲ್ಲಿ ಕೂತಿದ್ದೂ ಕಾಣ್ತಿತ್ತು. ಏನೋ ಸರಿಯಿಲ್ಲ ಅನ್ನಿಸ್ತು. ಆದ್ರೆ ಫೋಟೋ ತೆಗೆಯೋರು ಅಲ್ಲಾಡಬೇಡಿ ಅಂದಿದ್ರಲ್ಲ." ಅವಳು ಅಳುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಆ ಶಿಸ್ತು ಕಲಿಸಿದ್ದು ನಾನೇ, ಅಲ್ಲಾಡಬೇಡ ಎಂದರೆ ಅಲ್ಲಾಡದ ಹಾಗೆ. ಅವಳ ಬೆನ್ನು ಸವರುತ್ತ ಕೂತೆ.

ಆ ದಿನದ ನಂತರ ಮಾವ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ಮೈಯಲ್ಲಿ ಸಣ್ಣ ಜ್ವರ ಉಳಿದುಕೊಂಡಿತು. ಡಾಕ್ಟರು ವಯಸ್ಸು ಎಂದರು. ದಿನವೂ ಶಾಲೆಯಿಂದ ಬಂದವಳೇ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಮಾವ, ಚರಂಡಿ ದಾಟಾಕೆ ಹೆದರೋರು ನೀವು. ಅವತ್ತು ಆ ಹೆದರಿಕೆ ಎಲ್ಲಿ ಹೋಗಿತ್ತು?"

"ಎಲ್ಲಿಗೂ ಹೋಗಿರಲಿಲ್ಲವ್ವ. ಪಕ್ಕದಾಗೇ ಕೂತಿತ್ತು. ಇಬ್ರೂ ಕೂತಿದ್ವಿ," ಎಂದು ನಕ್ಕರು. "ಎದ್ದು ಓಡಿ ಹೋಗಾನ ಅಂತ ಎಷ್ಟು ಸಲ ಅನ್ನಿಸ್ತು ಗೊತ್ತೇನು? ಕಾಲು ಏಳಲಿಲ್ಲ ನೋಡು, ಅದಕ್ಕೇ ಉಳಿದೆ," ಎಂದರು. ಹಾಗೆ ಹೇಳಿ ನನ್ನ ಋಣವನ್ನು ಹಗುರ ಮಾಡಲು ನೋಡಿದರು. ನಾನು ನಂಬಲಿಲ್ಲ.

ನಮ್ಮ ಮನೆಯ ಮುಂದೆ ಮದುವೆಯ ಚಪ್ಪರ ಏಳುತ್ತಿದ್ದ ದಿನವೇ ಅವರು ಹೋದರು. ಚಪ್ಪರ ಹಾಕಿದ ಮೇಲೆ ಸಾವಿನ ಮನೆಗೆ ಹೋಗಕೂಡದು ಎಂದು ಹಿರಿಯರೆಲ್ಲ ತಡೆದರು. "ಮಗಳಿಗೆ ಒಳ್ಳೇದಾಗಬೇಕೋ ಬ್ಯಾಡ್ವೋ?" ಎಂದು ಸೋದರತ್ತೆ ಗದರಿದರು. ಒಳ್ಳೆಯದಾಗಬೇಕು ಎಂದೇ ಹೋಗುತ್ತಿದ್ದೇನೆ ಎಂದು ಹೇಳಿ ಹೋದೆ. ಅವರ ಅಂಗೈಯಲ್ಲಿ ಮುಳ್ಳಿನ ಗಾಯಗಳು ಇನ್ನೂ ಮಾಯ್ದಿರಲಿಲ್ಲ. ಮಣ್ಣಾಗುವವರೆಗೂ ಇದ್ದು, ತಲೆಗೆ ನೀರು ಹಾಕಿಕೊಂಡು ಬಂದು ಅರಿಸಿನ ಕುಟ್ಟಲು ಕೂತೆ. ಧಾರೆಯ ಹೊತ್ತಿಗೆ ಮಗಳ ಕೈಮೇಲೆ ನೀರು ಹೊಯ್ಯುವಾಗ ಅರ್ಧ ನೀರನ್ನು ಹೊರಗೇ ಚೆಲ್ಲಿದೆ. ಮಗಳನ್ನು ಕಳಿಸುವ ಸಂಕಟ ಎಂದು ಸುತ್ತಲಿನವರು ಸಮಾಧಾನ ಹೇಳಿದರು. ಆ ಗುಂಡಿಯಲ್ಲಿರಬೇಕಾಗಿದ್ದ ನಾನು ಆ ತಂಬಿಗೆಯನ್ನು ಹಿಡಿದಿದ್ದೇನಲ್ಲ ಎಂದೇ ನನಗೆ ಹೆದರಿಕೆಯಾಗುತ್ತಿತ್ತು.

ಮೊನ್ನೆ ಸೊಕ್ಕೆಗೆ ಹೋಗಿದ್ದೆ. ಬೀಗರ ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದು, ಅಡುಗೆಮನೆಗೆ ನುಗ್ಗಿದ್ದೆ. ಹೊರಗೆ ಪಡಸಾಲೆಯಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಮಗಳ ಮದುವೆಯ ಆಲ್ಬಂ ನೋಡುತ್ತ ಕೂತಿದ್ದರು. ವಯಸ್ಸಾದವರ ಮೇಲೆಲ್ಲ ಬೆರಳಿಡುತ್ತ, "ಇವ್ರು ಐದಾರೇನವ್ವ, ಹೋದ್ರಾ?" ಎಂದು, ಬದುಕಿದ್ದಾರೋ ಇಲ್ಲವೋ ಅಂತ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಧಾರೆಯ ಫೋಟೋಗೆ ಬಂದರೆಂದು ಕಾಣುತ್ತದೆ.

"ತಂಬಿಗೆ ಹಿಡಿದಾಳಲ್ಲ, ಈಕೆ? ಐದಾಳಾ?"

ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ.

"ಐದಾಳಜ್ಜಿ, ನಮ್ಮವ್ವ," ಎಂದಳು ನನ್ನ ಮಗಳು. "ಒಳಗೆ ಕಾಫಿ ಕಾಸ್ತಾ ಐದಾಳೆ."